ಕಾವಲಿಯಿಂದ ಎರಡೇ ಹೆಜ್ಜೆ

ಬೆಳಗಿನ ತಿಂಡಿಗೆ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಭಾನುವಾರ ಮಾತ್ರ. ಮಿಕ್ಕ ದಿನ ಶಾಲೆ ವ್ಯಾನು ಹಿಡಿಯುವ ಮಕ್ಕಳು ಮೊದಲು, ಮೆಟ್ರೊಗೆ ಓಡುವವರು ಆಮೇಲೆ, ಪೂಜೆ ಮುಗಿಸಿ ಬರುವ ಹಿರಿಯರು ಅದಾದ ಮೇಲೆ. ಅದರಲ್ಲೂ ದೋಸೆಯೋ ಅಕ್ಕಿರೊಟ್ಟಿಯೋ ಆದರೆ ಒಂದೊಂದಾಗಿ ಕಾವಲಿಯಿಂದ ಏಳಬೇಕು, ಎದ್ದದ್ದು ಗರಿ ಕಳೆದುಕೊಳ್ಳುವ ಮೊದಲು ತಟ್ಟೆಗೆ ಬೀಳಬೇಕು. ನಮ್ಮ ಫ್ಲ್ಯಾಟುಗಳಲ್ಲಿ ಊಟದ ಮೇಜು ಇರುವುದು ಹಾಲಿನಲ್ಲಿ, ಒಲೆ ಇರುವುದು ಗೋಡೆಯಾಚೆ. ದೋಸೆ ಹುಯ್ಯುವವರು ಕೈಯಲ್ಲಿ ಸಟ್ಟುಗ ಹಿಡಿದು ಒಳಗೂ ಹೊರಗೂ ಓಡಾಡುತ್ತಾರೆ, ಇಲ್ಲವೇ ತಿನ್ನುವವರು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಾರೆ. ಎಲ್ಲರದೂ ಮುಗಿದ ಮೇಲೆ ಹುಯ್ದವರು, ಬಹುಪಾಲು ಮನೆಗಳಲ್ಲಿ ಅದು ಹೆಂಗಸೇ, ಅಡುಗೆ ಕಟ್ಟೆಗೆ ಒರಗಿಕೊಂಡು ನಿಂತಲ್ಲೇ ಎರಡು ತಿಂದು ಕೈ ತೊಳೆಯುತ್ತಾರೆ.

ಅಡುಗೆಮನೆಯೊಳಗೇ ಒಂದು ತಿಂಡಿ ಮೂಲೆ ಬೇಕು ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ. ಒಳಾಂಗಣ ವಿನ್ಯಾಸದವರು 'ರಸ್ಟಿಕ್ ಬ್ರೇಕ್‌ಫಾಸ್ಟ್ ನೂಕ್' ಎಂದು ತೋರಿಸುವ ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಕಿಟಕಿಯ ಪಕ್ಕ ಮರದ ಬೆಂಚು, ಬಿಳಿ ದಿಂಬು, ಹೂವಿನ ಜಾಡಿ. ಆದರೆ ಆ ಮೂಲೆ ಬ್ರೆಡ್ಡು, ಹಾಲು, ಹಣ್ಣು ತಿನ್ನುವವರಿಗಾಗಿ ಹುಟ್ಟಿದ್ದು. ಅಲ್ಲಿ ಒಲೆ ಎಲ್ಲಿದ್ದರೂ ನಡೆಯುತ್ತದೆ. ನಮ್ಮದನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಾವಲಿಯಿಂದ ತಟ್ಟೆಗೆ ಎಷ್ಟು ಹೆಜ್ಜೆ ಎಂಬುದು. ಎರಡು ಹೆಜ್ಜೆಯೊಳಗೆ ಆಗುವುದಾದರೆ ಉಳಿದ ವಿಚಾರ ಮಾತಾಡೋಣ.

ಕೂರುವ ಜಾಗ ಹೊರಟುಹೋದದ್ದು

ಅಡುಗೆಮನೆಯಲ್ಲಿ ಕೂರುವ ಪದ್ಧತಿ ನಮಗೆ ಹೊಸದೇನಲ್ಲ. ಮಲೆನಾಡಿನ ಹಳೆ ಮನೆಗಳಲ್ಲಿ ಬೆಳಗಿನ ದೋಸೆ, ಕಡುಬು ಒಲೆಯ ಹತ್ತಿರವೇ ಮಣೆ ಹಾಕಿಕೊಂಡು ತಿನ್ನುವುದಾಗಿತ್ತು. ಗೋಡೆಗೆ ಹೊಂದಿಸಿ ಕಟ್ಟಿದ ಆಸನವೂ ನಮ್ಮಲ್ಲಿ ಇದ್ದದ್ದೇ. ಹೊರಗಿನ ಜಗಲಿ, ಬಾಗಿಲ ಎರಡೂ ಮಗ್ಗುಲಿನ ಕಟ್ಟೆ, ಕಂಬಗಳ ನಡುವಿನ ಹಾಸುಹಲಗೆ, ಇವೆಲ್ಲ ಜಾಗ ತಿನ್ನದ ಆಸನಗಳು. ಎಳೆದು ಸರಿಸುವ ಕುರ್ಚಿ ಬಂದಿದ್ದು ಬಹಳ ಈಚೆಗೆ.

ಇಂದಿನ ಫ್ಲ್ಯಾಟಿನ ಅಡುಗೆಮನೆಯ ಬೇರು ಬೇರೆ ಕಡೆ ಇದೆ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ವಿನ್ಯಾಸ ಮಾಡಿದರು. ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಅಡುಗೆ ಮಾಡುವವರು ವೃಥಾ ಹೆಜ್ಜೆ ಹಾಕಬಾರದೆಂದು ಓಡಾಟವನ್ನೆಲ್ಲ ಲೆಕ್ಕ ಹಾಕಿ, ರೈಲಿನ ಅಡುಗೆ ಡಬ್ಬಿಯ ಜೋಡಣೆಯಿಂದಲೂ ಪಾಠ ತೆಗೆದುಕೊಂಡು ಮಾಡಿದ ವಿನ್ಯಾಸ ಅದು. ಸುಮಾರು 10,000 ಮನೆಗಳಲ್ಲಿ ಅದನ್ನು ಕೂರಿಸಿದರು. ಇವತ್ತಿನ 'ಮಾಡ್ಯುಲರ್ ಕಿಚನ್' ಅದರ ವಂಶದ್ದೇ. ಶ್ರಮ ಉಳಿಸುವ ಆ ಕಾಳಜಿ ನಿಜವಾದದ್ದು, ಹೆಂಗಸರ ಬದುಕನ್ನು ಹಗುರ ಮಾಡಿದ್ದೂ ನಿಜ. ಆದರೆ ಊಟದ ಮೇಜು ಪಕ್ಕದ ಕೋಣೆಗೆ ಹೋಯಿತು, ಅಡುಗೆ ಮಾಡುವವರು ಒಬ್ಬರೇ ಒಳಗುಳಿದರು. ಮುಂದಿನ ತಲೆಮಾರಿನ ಹೆಂಗಸರು ಆ ವಿನ್ಯಾಸದ ಮೇಲೆ ಎತ್ತಿದ ದೊಡ್ಡ ಆಕ್ಷೇಪವೂ ಇದೇ. ಬೆಂಗಳೂರಿನ ಬಿಲ್ಡರುಗಳು ಇಂದು ಕಟ್ಟಿಕೊಡುವ ಅಡುಗೆಮನೆಗೂ ಅದೇ ಆಕ್ಷೇಪ ಸಲ್ಲುತ್ತದೆ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೊಂದು ಅಳತೆ ಕೊಟ್ಟಿದೆ. ಊಟದ ಜಾಗ ಬೇರೆ ಇದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕು. ಅಡುಗೆಮನೆಯಲ್ಲೇ ಊಟವೂ ಆಗಬೇಕಾದರೆ ಕನಿಷ್ಠ 7.5 ಚದರ ಮೀಟರ್, ಅಗಲ 2.1 ಮೀಟರ್. ಅಡಿ ಲೆಕ್ಕದಲ್ಲಿ ಹೇಳುವುದಾದರೆ 80 ಚದರ ಅಡಿ, ಅಗಲ ಹೆಚ್ಚು ಕಡಿಮೆ 7 ಅಡಿ. ಈ 7 ಅಡಿಯನ್ನು ಬಿಡಿಸಿ ನೋಡಿದರೆ ಅರ್ಥವಾಗುತ್ತದೆ. ಅಡುಗೆ ಕಟ್ಟೆಗೆ 2 ಅಡಿ, ಓಡಾಡಲು 3 ಅಡಿ, ಉಳಿದದ್ದು 2 ಅಡಿ. ಆ 2 ಅಡಿಯಲ್ಲಿ ಬೆಂಚು, ಮೇಜು ಎರಡೂ ಹಿಡಿಸುವುದಿಲ್ಲ. ಗೋಡೆಗೆ ಮಡಚುವ ಒಂದೂವರೆ ಅಡಿಯ ಹಲಗೆ, ಎರಡು ಸ್ಟೂಲು, ಅಷ್ಟೇ. 8 ಅಡಿ ಅಗಲ ಸಿಕ್ಕರೆ ಚಿತ್ರವೇ ಬದಲಾಗುತ್ತದೆ. ಒಂದಡಿ ಇಷ್ಟು ಬೆಲೆಬಾಳುವ ಜಾಗ ಮನೆಯಲ್ಲಿ ಮತ್ತೊಂದಿಲ್ಲ.

ಹನ್ನೆರಡು ಚದರ ಅಡಿಯ ಲೆಕ್ಕ

ನಮ್ಮ ಮನೆಯ ಅಡುಗೆಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಅಗಲ 8 ಅಡಿ, ಉದ್ದ 11. ಬಾಗಿಲಿಂದ ಒಳಗೆ ಹೋದರೆ ಎಡಗಡೆ ಉದ್ದಕ್ಕೂ ಅಡುಗೆ ಕಟ್ಟೆ, ಬಲಕ್ಕೆ ಫ್ರಿಜ್ಜು, ಎದುರಿಗೆ ಪೂರ್ವದ ಕಿಟಕಿ. ತಿನ್ನುವವರು ಐದು ಮಂದಿ. ನಾವಿಬ್ಬರು, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ.

4 ಅಡಿ ಉದ್ದ, ಎರಡೂವರೆ ಅಡಿ ಅಗಲದ ಮಾಮೂಲಿ ಮೇಜಿಗೆ ಎರಡೂ ಬದಿ ಕುರ್ಚಿ ಹಾಕಿದರೆ, ಎಳೆದು ಕೂತು ಏಳಲು ಒಂದೊಂದು ಬದಿಗೂ ಎರಡೂವರೆ ಅಡಿ ಬಿಡಬೇಕು. ಒಟ್ಟು ಏಳೂವರೆ ಅಡಿಗೆ 4 ಅಡಿ, 30 ಚದರ ಅಡಿ ಹೋಯಿತು. ಗೋಡೆಗೆ ಹೊಂದಿದ ಬೆಂಚಾದರೆ ಲೆಕ್ಕ ಬೇರೆ. ಬೆಂಚಿನ ಆಳ 16 ಇಂಚು, ಮೇಜಿನ ಅಗಲ 24 ಇಂಚು, ಮೇಜಿನ ಅಂಚು ಬೆಂಚಿನ ಮೇಲೆ 4 ಇಂಚು ಚಾಚಿಕೊಂಡಿರಬೇಕು. ಹೀಗೆ ಚಾಚದಿದ್ದರೆ ತಟ್ಟೆ ದೂರವಾಗಿ ಚಟ್ನಿ ತೊಡೆಯ ಮೇಲೆ ಬೀಳುತ್ತದೆ. ಬೆಂಚನ್ನು ಕುರ್ಚಿಯ ಹಾಗೆ ಮುಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲವಲ್ಲ. 16ಕ್ಕೆ 24 ಕೂಡಿಸಿ 4 ಕಳೆದರೆ 36 ಇಂಚು, ಸರಿಯಾಗಿ 3 ಅಡಿ. ಆಚೆ ಬದಿಯ ಸ್ಟೂಲು ಕೆಲಸ ಮುಗಿದ ಮೇಲೆ ಮೇಜಿನಡಿಗೆ ಹೋಗುತ್ತದೆ. 3 ಅಡಿಗೆ 4 ಅಡಿ, 12 ಚದರ ಅಡಿಯಲ್ಲಿ ತಿಂಡಿ ಮೂಲೆ ಮುಗಿಯಿತು. ಕಟ್ಟೆಗೆ 2 ಅಡಿ, ಓಡಾಟಕ್ಕೆ 3, ಮೂಲೆಗೆ 3. ನಮ್ಮ 8 ಅಡಿಗೆ ಕೂಡಿ ಬಂತು.

ಎತ್ತರದ ಅಳತೆಯಲ್ಲಿ ರಾಜಿ ಬೇಡ. ಆಸನ ನೆಲದಿಂದ 17ರಿಂದ 18 ಇಂಚು, ಮೇಜು 29ರಿಂದ 30. ಎರಡರ ನಡುವೆ 12 ಇಂಚಿನ ಅಂತರ ಇದ್ದರೆ ತೊಡೆಗೂ ಜಾಗ, ಕೈಗೂ ಸಲೀಸು. ಒಬ್ಬೊಬ್ಬರಿಗೆ ಬೆಂಚಿನ ಉದ್ದದಲ್ಲಿ 22ರಿಂದ 24 ಇಂಚು ಬೇಕು. ಹಾಗಾಗಿ 5 ಅಡಿಯ ಬೆಂಚಿನಲ್ಲಿ ಇಬ್ಬರು ದೊಡ್ಡವರು, ಒಂದು ಸಣ್ಣ ಮಗು. ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆಂಚಿನ ಬುಡ ಮೇಲಿನ ಹಲಗೆಗಿಂತ 3 ಇಂಚು ಒಳಗೆ ಸರಿದಿರಲಿ. ಏಳುವಾಗ ಹಿಮ್ಮಡಿ ಹಿಂದಕ್ಕೆ ಹೋಗಲು ಜಾಗ ಇಲ್ಲದಿದ್ದರೆ ಗಟ್ಟಿಮುಟ್ಟಾದವರೂ ಮೇಜು ಹಿಡಿದೇ ಏಳಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಬೆಂಚು ಮಾಡುವವರಲ್ಲಿ ಎಷ್ಟೋ ಮಂದಿ ಈ ಒಂದು ಸಂಗತಿಯನ್ನು ಮರೆತಿರುತ್ತಾರೆ.

ಮೇಜಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಕಾಲು ಬೇಡ. ಬೆಂಚಿಗೆ ಪಕ್ಕದಿಂದ ಸರಿದು ಹೋಗುವಾಗ ಪ್ರತಿಸಲವೂ ಮಂಡಿಗೆ ತಗಲುತ್ತದೆ. ನಡುವೆ ಒಂದೇ ಕಂಬದ ಮೇಜು ಒಳ್ಳೆಯದು, ಆದರೆ ಬುಡ ಭಾರವಾಗಿರಬೇಕು, ಇಲ್ಲದಿದ್ದರೆ ಮಗು ಒಂದು ತುದಿಗೆ ಜೋತುಬಿದ್ದಾಗ ಮಗುಚುತ್ತದೆ. ನಾವು ಆರಿಸಿಕೊಂಡದ್ದು ಮೂರನೆಯ ದಾರಿ. ಮೇಜಿನ ಒಂದು ತುದಿ ಕಿಟಕಿಯ ಗೋಡೆಗೆ ಬಿಗಿದ ಮರದ ಪಟ್ಟಿಯ ಮೇಲೆ ಕೂತಿದೆ, ಇನ್ನೊಂದು ತುದಿಗೆ 10 ಇಂಚು ಒಳಗೆ ಸರಿಸಿದ ಒಂದೇ ದಪ್ಪ ಕಾಲು. ಆ ತುದಿಯಲ್ಲಿ ಕೂರುವವರ ಮಂಡಿಗೆ ಏನೂ ತಾಗುವುದಿಲ್ಲ.

ಆ ತುದಿ ಅತ್ತೆಯದು. ಬೆಂಚಿನ ಮಾತು ಬಂದಾಗ ಅವರು ಹೇಳಿದ್ದು ಒಂದೇ ಮಾತು: "ನನ್ನನ್ನ ಮಾತ್ರ ಗೋಡೆ ಸಂದಿಗೆ ತಳ್ಳಬೇಡ್ರಮ್ಮ. ಒಳಗೆ ನುಸುಳೋದು ನುಸುಳ್ತೀನಿ, ಹೊರಗೆ ಬರೋದು ಹೇಗೆ?" ವಯಸ್ಸಾದವರು ಇರುವ ಮನೆಯಲ್ಲಿ ಮೂಲೆಯ ಎರಡೂ ಬದಿಗೆ ಬೆಂಚು ಹಾಕಿ ಮುಗಿಸಬಾರದು. ಒಂದು ತುದಿ ತೆರೆದಿರಲಿ, ಅಲ್ಲಿ ಕೈಹಿಡಿ ಇರುವ ಗಟ್ಟಿ ಕುರ್ಚಿ ಇರಲಿ, ಅದರ ಆಸನ ಬೆಂಚಿಗಿಂತ ಒಂದಿಂಚು ಎತ್ತರವಿರಲಿ. ಎದ್ದು ನಿಲ್ಲುವಾಗ ಆ ಒಂದಿಂಚು ಮಂಡಿಗೆ ಎಷ್ಟು ಉಪಕಾರ ಮಾಡುತ್ತದೆ ಎಂಬುದು ಅತ್ತೆಯ ಮುಖ ನೋಡಿದರೆ ಗೊತ್ತಾಗುತ್ತದೆ.

ಮೇಜಿನ ಈಚೆ ಬದಿ, ಒಲೆಗೆ ಬೆನ್ನು ಮಾಡಿ ಇರುವ ಸ್ಟೂಲು ದೋಸೆ ಹುಯ್ಯುವವರದು. ನನ್ನ ಪ್ರಕಾರ ಇಡೀ ಮೂಲೆಯಲ್ಲಿ ಮುಖ್ಯವಾದದ್ದು ಈ ಸ್ಟೂಲೇ. ಇದು ಎಲ್ಲಿ ಇರುತ್ತದೆ ಎಂದು ತೀರ್ಮಾನಿಸಿ ಆಮೇಲೆ ಬೆಂಚು ಎಳೆಯಿರಿ. ಕಾವಲಿಗೆ ಹಿಟ್ಟು ಹುಯ್ದು, ಮುಚ್ಚಳ ಮುಚ್ಚಿ, ತಿರುಗಿ ಕೂತು ಎರಡು ತುತ್ತು ತಿಂದು, ಎದ್ದು ದೋಸೆ ಎಬ್ಬಿಸಲು ಆಗಬೇಕು. ಸ್ಟೂಲು ಈಚೆ ಬಂದಾಗ ಓಡಾಡುವ ದಾರಿ ಅರ್ಧಕ್ಕೆ ಇಳಿಯುತ್ತದೆ, ಆದರೆ ಆ ಹೊತ್ತಿಗೆ ಅಲ್ಲಿ ಓಡಾಡಬೇಕಾದವರು ಸ್ಟೂಲಿನ ಮೇಲಿರುತ್ತಾರೆ. ಮಕ್ಕಳು ಮಾತ್ರ ಯಾವಾಗಲೂ ಮೇಜಿನ ಆಚೆ ಬದಿಯ ಬೆಂಚಿನಲ್ಲಿ. ಬಿಸಿ ಎಣ್ಣೆ, ಕುಕ್ಕರಿನ ಹಬೆಗೂ ಅವರಿಗೂ ನಡುವೆ ಮೇಜಿನ ಅಗಲವೂ ದಾರಿಯ ಅಗಲವೂ ಸೇರಿ 5 ಅಡಿ ಇರುತ್ತದೆ. ಪೂರಿ, ಬಜ್ಜಿ ಕರಿಯುವ ದಿನ ಈಚೆ ಸ್ಟೂಲಿನಲ್ಲಿ ಯಾರೂ ಕೂರಬಾರದು.

ಫ್ಯಾನಿನ ಬಗ್ಗೆ ಒಂದು ಮಾತು. ಅಡುಗೆಮನೆಯಲ್ಲಿ ಸೀಲಿಂಗ್ ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಅಲ್ಲಾಡುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಆದ್ದರಿಂದ ಮೂಲೆ ಕಿಟಕಿಗೆ ಹತ್ತಿರವಿರಲಿ. ಗೋಡೆಗೆ ಒಂದು ಸಣ್ಣ ಫ್ಯಾನು, ಗಾಳಿ ಕೂತವರ ಮೇಲೆ ಬಿದ್ದು ಒಲೆಗೆ ತಾಗದಂತೆ.

ಎಂಜಲಿನ ಪ್ರಶ್ನೆ ಬಹಳ ಮನೆಗಳಲ್ಲಿ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಒಲೆಯ ಕಟ್ಟೆಗೆ ಎಂಜಲು ಕೈ ತಾಗಬಾರದು ಎಂಬ ಹಿರಿಯರ ಶಿಸ್ತಿನಲ್ಲಿ ಶುಚಿಯ ವಿವೇಕ ಇದೆ. ಅಡುಗೆ ಕಟ್ಟೆಯನ್ನೇ ಮುಂದಕ್ಕೆ ಬೆಳೆಸಿ ಅದರ ತುದಿಯಲ್ಲಿ ತಿನ್ನುವ 'ಬ್ರೇಕ್‌ಫಾಸ್ಟ್ ಕೌಂಟರ್' ನನಗೆ ಒಪ್ಪಿಗೆಯಾಗದಿರುವುದು ಇದರಿಂದಲೇ. ಮೇಜು ಬೇರೆ, ಕಟ್ಟೆ ಬೇರೆ ಇದ್ದರೆ ಎರಡನ್ನೂ ಬೇರೆ ಬಟ್ಟೆಯಲ್ಲಿ ಒರೆಸಬಹುದು, ಮನೆಯ ಹಿರಿಯರಿಗೂ ಸಮಾಧಾನ.

ಹಲಸು, ಹೊನ್ನೆ, ಹೊಗೆ

ಈಗ ರಸ್ಟಿಕ್ ಎಂಬ ಮಾತಿಗೆ ಬರೋಣ. ಪೇಟೆಯಲ್ಲಿ ಈ ಹೆಸರಿನಲ್ಲಿ ಮೂರು ಬಗೆಯ ಸರಕು ಸಿಗುತ್ತದೆ. ಒಂದು, ಪ್ಲೈವುಡ್ಡಿನ ಮೇಲೆ ಮರದ ಗಂಟು, ಬಿರುಕಿನ ಚಿತ್ರ ಮುದ್ರಿಸಿದ ಲ್ಯಾಮಿನೇಟ್. ಎರಡು, ಹೊಸ ಮರವನ್ನೇ ಕೆರೆದು, ಬಡಿದು, ಬಣ್ಣ ಬಳಿದು ಹಳತಿನಂತೆ ಮಾಡಿದ್ದು. ಮೂರು, ನಿಜವಾಗಿ ಹಳೆಯ ಮರ. ಮೊದಲನೆಯದರ ಅಂಚು ಅಡುಗೆಮನೆಯ ನೀರಿಗೆ ಬಿಟ್ಟುಕೊಂಡಾಗ ರಿಪೇರಿ ಇಲ್ಲ. ಎರಡನೆಯದಕ್ಕೆ ಕೊಡುವ ಹೆಚ್ಚಿನ ದುಡ್ಡು ಗಾಯ ಮಾಡಿದ ಕೂಲಿಗೆ ಹೋಗುತ್ತದೆ. ಹಳೆ ಮರ ಸಿಗದಿದ್ದರೆ ಸಾದಾ ಹೊಸ ಮರ ತಂದು ನಮ್ಮ ಮಕ್ಕಳ ಕೈಯಲ್ಲಿ ಅದು ಹಳತಾಗಲಿ ಎಂದು ಬಿಡುವುದು ಮೇಲು.

ಜಾಲತಾಣಗಳಲ್ಲಿ ಮಾರುವ ಶೀಶಮ್, ಮಾವಿನ ಮರದ ಪೀಠೋಪಕರಣಗಳಲ್ಲಿ ಬಹಳಷ್ಟು ಬರುವುದು ರಾಜಸ್ಥಾನದ ಜೋಧಪುರದ ಕಡೆಯಿಂದ. ಕೆಲಸ ಒಳ್ಳೆಯದೇ ಇರುತ್ತದೆ. ಆದರೆ ಅಲ್ಲಿನ ಒಣ ಹವೆಯಲ್ಲಿ ಹದಗೊಂಡ ಮರ ಮಂಗಳೂರಿನ ಅಥವಾ ಶಿವಮೊಗ್ಗದ ಮಳೆಗಾಲಕ್ಕೆ ಬಂದಾಗ ತೇವ ಹೀರಿ ಉಬ್ಬುತ್ತದೆ. ಡ್ರಾಯರು ಕಚ್ಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರು ಅಲ್ಲಿಯದೇ ಮರವನ್ನು ಅಲ್ಲಿಯ ಹವೆಯಲ್ಲೇ ಒಣಗಿಸಿ ಮಾಡಿಸುವುದು ಲೇಸು.

ನಮಗೆ ಮರ ಸಿಕ್ಕಿದ್ದು ಅತ್ತೆಯ ತವರಿನಲ್ಲಿ. ಹಳೆ ಮನೆಯ ಅಡುಗೆಮನೆಗೆ ಆರ್‌ಸಿಸಿ ಹಾಕಿಸುವಾಗ ಒಲೆಯ ಮೇಲಿನ ಅಟ್ಟದ ಹಲಸಿನ ಹಲಗೆಗಳನ್ನು ಬಿಚ್ಚಿ ಕೊಟ್ಟಿಗೆಗೆ ಒರಗಿಸಿದ್ದರು. ಹೊಗೆ ಕುಡಿದು ಕುಡಿದು ಕಪ್ಪು ಮಸಿಯ ಹೊದಿಕೆಯಾಗಿತ್ತು, ಉಗುರಲ್ಲಿ ಕೆರೆದರೆ ಅಂಟು ಅಂಟಾಗಿ ಬರುತ್ತಿತ್ತು. ಒಂದು ಹಲಗೆಯಲ್ಲೂ ಕುಟ್ಟೆ ಹುಳುವಿನ ತೂತು ಇರಲಿಲ್ಲ. ಒಲೆಯ ಹೊಗೆ ಇರುವಲ್ಲಿಗೆ ಹುಳು ಬರುವುದಿಲ್ಲ ಎಂಬುದು ಹಳಬರಿಗೆ ಗೊತ್ತಿದ್ದ ಸಂಗತಿ. ಬಿತ್ತದ ಜೋಳ, ಕೊಬ್ಬರಿ ಅಟ್ಟದ ಮೇಲೆ ಇಡುತ್ತಿದ್ದದ್ದೂ ಅದಕ್ಕೇ. ಆಚಾರ್ರು ಉಜ್ಜುಗೊರಡು ಹಿಡಿದು ನಾಲ್ಕು ಸಲ ಎಳೆದಾಗ ಆ ಕಪ್ಪಿನ ಕೆಳಗಿನಿಂದ ಜೇನಿನ ಬಣ್ಣದ ಮೈ ಹೊರಬಂತು. "ಇದಕ್ಕೆ ಬಣ್ಣ ಪಾಲಿಶು ಅಂತ ಏನೂ ಬಳೀಬೇಡಿ, ಕೊಂದಂಗಾಗ್ತದೆ" ಎಂದರು. ಮೇಜಿನ ಮೇಲ್ಮೈ ಪೂರ್ತಿ ಹೆರೆಸಿದೆವು. ಬೆಂಚಿನ ಮುಂಭಾಗದ ಹಲಗೆಯಲ್ಲಿ ಮಸಿಯನ್ನು ಸೋಪಿನ ನೀರಲ್ಲಿ ತೊಳೆದು, ಕಪ್ಪನ್ನು ಹಾಗೇ ಉಳಿಸಿಕೊಂಡೆವು. ಕೈಗೂ ಅನ್ನಕ್ಕೂ ತಾಗುವ ಜಾಗ ಶುಚಿಯಾಗಿ ಹೆರೆದದ್ದಿರಬೇಕು, ತಾಗದ ಕಡೆ ಹಳೆಯದು ಹಳೆಯದಾಗಿಯೇ ಇರಬಹುದು.

ಎಲ್ಲರಿಗೂ ಹೀಗೆ ಹಲಗೆ ಸಿಗುವುದಿಲ್ಲ. ಒಡೆದ ಮನೆಗಳ ತೊಲೆ, ಬಾಗಿಲು, ದಾರಂದ ಮಾರುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿನಾಡು ಮನೆಗಳ ಹಳೆ ಸಾಮಾನಿನ ಅಂಗಡಿಗಳ ಸಾಲೇ ಇದೆ. ಹೋದಾಗ ಜೇಬಿನಲ್ಲಿ ಒಂದು ಆಯಸ್ಕಾಂತ ಇರಲಿ. ಹಲಗೆಯ ಮೇಲೆ ಆಡಿಸಿದರೆ ಒಳಗೆ ಮುರಿದುಕೊಂಡ ಮೊಳೆ ಎಲ್ಲಿದೆ ಎಂದು ತಿಳಿಯುತ್ತದೆ. ಅದನ್ನು ತೆಗೆಯದೆ ಮೆಷಿನ್ನಿಗೆ ಕೊಟ್ಟರೆ ಬ್ಲೇಡ್ ಹಾಳು. ತೂತುಗಳಿದ್ದರೆ ಹಲಗೆಯನ್ನು ಕಾಗದದ ಮೇಲೆ ತಟ್ಟಿ ನೋಡಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಜೀವಂತ ಇದೆ, ಅಂಥದ್ದು ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಮರದ ಜಾತಿಯ ಬಗ್ಗೆ. ತೇಗ ಎಲ್ಲಕ್ಕೂ ಆಗುತ್ತದೆ, ಬೆಲೆಯೂ ಹಾಗೇ. ಹಲಸು ಮತ್ತು ಹೆಬ್ಬಲಸು ಈ ಕೆಲಸಕ್ಕೆ ಹೇಳಿ ಮಾಡಿಸಿದ ಮರಗಳು. ಹಗುರ, ಹೆಚ್ಚು ಸೀಳುವುದಿಲ್ಲ, ವರ್ಷ ಹೋದಂತೆ ಹಳದಿ ಕೆಂಪಾಗಿ ಕಂದಾಗುತ್ತದೆ. ಹೊನ್ನೆ ಬಲವಾದದ್ದು, ಆದರೆ ನೀರು ತಾಗಿದರೆ ಬಣ್ಣ ಬಿಡುತ್ತದೆ. ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವವರಿಗೆ ಆ ಬಣ್ಣ ಗೊತ್ತು. ದಿನಕ್ಕೆ ನಾಲ್ಕು ಸಲ ಒದ್ದೆ ಬಟ್ಟೆಯಲ್ಲಿ ಒರೆಸುವ ಮೇಜಿಗೆ ಅದು ಹೊಂದುವುದಿಲ್ಲ, ಬೆಂಚಿನ ಚೌಕಟ್ಟಿಗೆ ಹಾಕಿ. ಮಾರುವವರು ಕೆಂಪಗಿರುವುದನ್ನೆಲ್ಲ ಹೊನ್ನೆ ಎನ್ನುತ್ತಾರೆ, ಕಪ್ಪಗಿರುವುದನ್ನೆಲ್ಲ ಬೀಟೆ ಎನ್ನುತ್ತಾರೆ. ದೊಡ್ಡ ಮೊತ್ತದ ಮರ ಕೊಳ್ಳುವುದಾದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಚೂರು ತೋರಿಸಿ ಯಾವ ಮರವೆಂದು ತಿಳಿದುಕೊಳ್ಳಬಹುದು.

ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಅಂಟುಹಾಕಿ ಕೂರಿಸಬಾರದು. ಮರ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಕೆಳಗಿನಿಂದ ಉದ್ದುದ್ದ ತೂತು ಮಾಡಿ ಸ್ಕ್ರೂ ಹಾಕಿದರೆ ಅದಕ್ಕೆ ಅಲುಗಲು ಎಡೆ ಇರುತ್ತದೆ, ಹಲಗೆ ಸೀಳುವುದಿಲ್ಲ. ಒಳ್ಳೆಯ ಆಚಾರ್ರಿಗೆ ಇದನ್ನು ಹೇಳಬೇಕಾಗಿಲ್ಲ, ಆದರೂ ಕೇಳಿ ನೋಡಿ. ಅವರು ಕೊಡುವ ಉತ್ತರದಿಂದಲೇ ಕೆಲಸ ಕೊಡಬಹುದೋ ಇಲ್ಲವೋ ತಿಳಿಯುತ್ತದೆ.

ಅರಿಸಿನ ಮತ್ತು ಹುಣಸೆ

ನಮ್ಮ ತಿಂಡಿಗಳು ಮೇಜಿಗೆ ದಯೆ ತೋರಿಸುವಂಥವಲ್ಲ. ಬಿಸಿ ಪಾತ್ರೆ, ಅರಿಸಿನ, ಹುಣಸೆಹುಳಿ, ನಿಂಬೆ, ಎಣ್ಣೆ ಎಲ್ಲ ಬೀಳುತ್ತವೆ. ಅರಗಿನ ಪಾಲಿಶಿನ ಮೇಜಿನ ಮೇಲೆ ಬಿಸಿ ಸಾಂಬಾರಿನ ಪಾತ್ರೆ ಇಟ್ಟರೆ ಬಿಳಿಯ ಉಂಗುರ ಮೂಡುತ್ತದೆ. ಅಗಸೆ ಎಣ್ಣೆ ಹಚ್ಚಿದ ಮರದಲ್ಲಿ ಕಲೆ ಬಿದ್ದರೆ ಅಷ್ಟು ಜಾಗ ಉಜ್ಜುಕಾಗದದಲ್ಲಿ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು, ಮನೆಯವರೇ ಮಾಡುವ ಕೆಲಸ. ತೆಳ್ಳಗೆ ಹಚ್ಚಿ, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ಎಲ್ಲ ಒಣಗಿ ವಾಸನೆ ಹೋಗುವವರೆಗೆ ಮೇಜಿನ ಮೇಲೆ ಊಟ ಬೇಡ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಬೇಕು. ಅರಿಸಿನದ ಕಲೆಗೆ ಮಾತ್ರ ಹೆದರಬೇಕಾಗಿಲ್ಲ, ಕಿಟಕಿಯ ಬಿಸಿಲು ತಾಗುವ ಮೇಜಾದರೆ ಕೆಲವೇ ದಿನದಲ್ಲಿ ಮಾಸುತ್ತದೆ.

ಕಲ್ಲು ಇಷ್ಟಪಡುವವರಿಗೆ ಒಂದು ಎಚ್ಚರಿಕೆ. ಶಹಾಬಾದ್ ಕಲ್ಲು, ಕಡಪ ಕಲ್ಲು, ಹಳೆ ಹೋಟೆಲುಗಳ ಮೇಜಿನ ಅಮೃತಶಿಲೆ, ಇವೆಲ್ಲ ಸುಣ್ಣದ ಜಾತಿಯವು. ನಿಂಬೆ, ಹುಣಸೆ ಬಿದ್ದಲ್ಲಿ ಮೈ ಕಳೆದುಕೊಂಡು ಮಂಕಾಗುತ್ತವೆ. ಕೂರುವ ಕಟ್ಟೆಗೆ ಶಹಾಬಾದ್ ಹಾಕಿ, ಬೇಸಗೆಯಲ್ಲಿ ತಣ್ಣಗಿರುತ್ತದೆ. ಮೇಜಿಗೆ ಚಾಮರಾಜನಗರದ ಕಪ್ಪು ಗ್ರಾನೈಟ್, ಅದೂ ಕನ್ನಡಿಯಂತೆ ಹೊಳೆಯದ ಒರಟು ಮೈಯದು. ಸ್ವಂತ ಮನೆ ಕಟ್ಟಿಸುವವರು ಬೆಂಚನ್ನು ಇಟ್ಟಿಗೆಯಲ್ಲೇ ಕಟ್ಟಿಸಿ, ಮೇಲೆ ರೆಡ್ ಆಕ್ಸೈಡ್ ಹಾಕಿಸಿದರೆ ಅಷ್ಟು ಚೆಲುವಾದದ್ದು ಬೇರೆ ಇಲ್ಲ. ಅಪಾರ್ಟ್‌ಮೆಂಟಿನವರು ಗೋಡೆಗೆ ಡ್ರಿಲ್ ಹಾಕುವ ಮೊದಲು ಅದು ಎಂಥ ಗೋಡೆ ಎಂದು ವಿಚಾರಿಸಬೇಕು. ಅಲ್ಯೂಮಿನಿಯಂ ಅಚ್ಚಿನಲ್ಲಿ ಸುರಿದ ಕಾಂಕ್ರೀಟ್ ಗೋಡೆಗಳು ಕಟ್ಟಡದ ಭಾರ ಹೊರುತ್ತವೆ, ಅವನ್ನು ಕೆತ್ತುವಂತಿಲ್ಲ. ಹಗುರದ ಪೊಳ್ಳು ಬ್ಲಾಕಿನ ಗೋಡೆಯಾದರೆ ಸಾದಾ ಪ್ಲಗ್ಗು ನಿಲ್ಲುವುದಿಲ್ಲ, ಅದಕ್ಕೆಂದೇ ಇರುವ ಆಂಕರ್ ಬೋಲ್ಟ್ ಬೇಕು.

ಬೆಂಚಿನ ಮೇಲೆ ಸ್ಪಂಜಿನ ದಿಂಬು ಬೇಡ, ಒಗ್ಗರಣೆಯ ಜಿಡ್ಡು ಹಿಡಿದು ನಾರುತ್ತದೆ. ಹಳೆ ಸೀರೆಗಳನ್ನು ಹೊಲಿದು ಮಾಡುವ ಉತ್ತರ ಕರ್ನಾಟಕದ ಕೌದಿ ಇದಕ್ಕೆ ಅತ್ಯುತ್ತಮ. ನಾಲ್ಕು ಮಡಿಕೆ ಹಾಕಿದರೆ ಮೆತ್ತಗಿರುತ್ತದೆ, ವಾರಕ್ಕೊಮ್ಮೆ ಒಗೆದು ಹಾಕಬಹುದು. ಬೆನ್ನಿನ ಗೋಡೆಗೆ ಮೂರಡಿ ಎತ್ತರದವರೆಗೆ ಹಲಗೆಯೋ ಟೈಲೋ ಇರಲಿ, ಇಲ್ಲದಿದ್ದರೆ ತಲೆಗೆ ಹಚ್ಚಿದ ಎಣ್ಣೆಯ ಗುರುತು ಸಾಲಾಗಿ ಉಳಿಯುತ್ತದೆ.

ಬೆಂಚಿನ ಹೊಟ್ಟೆಯೊಳಗಿನ ಜಾಗವನ್ನು ಬಳಸಿಕೊಳ್ಳದಿದ್ದರೆ ನಷ್ಟ. ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆ ಮಾಡಿದರೆ ಪ್ರತಿಸಲ ಕೂತವರನ್ನೆಲ್ಲ ಎಬ್ಬಿಸಬೇಕು. ತುದಿಯಿಂದ ಎಳೆಯುವ ಉದ್ದನೆಯ ಡ್ರಾಯರು ಒಳ್ಳೆಯದು. ಅಕ್ಕಿ ಡಬ್ಬ, ಒಬ್ಬಟ್ಟಿನ ಮಣೆ, ಹಬ್ಬಕ್ಕೆ ಮಾತ್ರ ಬೇಕಾಗುವ ದೊಡ್ಡ ಪಾತ್ರೆ, ಎಲ್ಲ ಹೋಗುತ್ತವೆ. ಗ್ಯಾಸ್ ಸಿಲಿಂಡರನ್ನು ಮಾತ್ರ ಅದರೊಳಗೆ ಇಡಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ಮುಚ್ಚಿದ ಪೆಟ್ಟಿಗೆಯಲ್ಲೇ ತುಂಬಿಕೊಳ್ಳುತ್ತದೆ. ಜಾಗ ಉಳಿಯಿತೆಂದು ಹೀಗೆ ಮಾಡಿರುವ ಮನೆಗಳನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಬಾಡಿಗೆ ಮನೆಯವರಿಗೆ ಗೋಡೆ ಮುಟ್ಟದ ದಾರಿ ಬೇಕು. ಹಳೆ ಶಾಲೆಯ ಬೆಂಚು, ಹಳೆ ಹೋಟೆಲಿನ ಬೆಂಚು ಸಿಕ್ಕರೆ ಬಿಡಬೇಡಿ. 10, 11 ಇಂಚಿನ ಅಗಲದಲ್ಲೇ ತಲೆಮಾರುಗಳು ಅದರ ಮೇಲೆ ಕೂತು ಎದ್ದಿವೆ. ಅದಕ್ಕೊಂದು ಮಡಚುವ ಮೇಜು ಸೇರಿಸಿದರೆ ಮನೆ ಬದಲಾಯಿಸಿದಾಗ ಲಾರಿ ಹತ್ತಿಸಬಹುದು. ಬೆಂಚಿಗೂ ಜಾಗ ಇಲ್ಲದ ಅಡುಗೆಮನೆಗೆ ಬೆಂಗಳೂರೇ ಒಂದು ಉಪಾಯ ಕಲಿಸಿದೆ. 1980ರ ದಶಕದಲ್ಲಿ ಹುಟ್ಟಿಕೊಂಡ ದರ್ಶಿನಿಗಳಲ್ಲಿ ಜನ ನಿಂತೇ ತಿನ್ನುತ್ತಾರೆ. ಗೋಡೆಗೆ 42 ಇಂಚು ಎತ್ತರದಲ್ಲಿ ಒಂದಡಿಯ ಹಲಗೆ ಹೊಡೆದರೆ ಆಫೀಸಿಗೆ ಓಡುವವರಿಬ್ಬರು ಬಿಸಿ ದೋಸೆ ತಿಂದು ಹೋಗಬಹುದು. ಆದರೆ ಅದು ಮಕ್ಕಳಿಗೆ, ಹಿರಿಯರಿಗೆ ಆಗುವುದಲ್ಲ. ದೋಸೆ ಹುಯ್ದವರು ಮತ್ತೆ ನಿಂತೇ ತಿನ್ನಬೇಕಾಗುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಡುತ್ತೇನೆ.

ಮೂಲೆ ಬೆಳಗಿಗಷ್ಟೇ ಸೀಮಿತವಲ್ಲ ಎಂಬುದನ್ನೂ ಆರಿಸುವಾಗ ನೆನಪಿಡಿ. ಸಂಜೆ ಅಲ್ಲೇ ಮಕ್ಕಳ ಹೋಂವರ್ಕ್ ನಡೆಯುತ್ತದೆ, ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇರಲಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಸುಲಿದು ಕಾಳು ಹಿಸುಕಲು ಇಡೀ ಮನೆ ಸುತ್ತ ಕೂರುತ್ತದೆ. ಆಗ ಮೇಜಿನ ಮೇಲೆ, ಎರಡೂವರೆ ಅಡಿ ಎತ್ತರದಲ್ಲಿ ತೂಗುವ ಒಂದು ದೀಪ ಇದ್ದರೆ ಅತ್ತೆಯಂಥವರ ಕಣ್ಣಿಗೆ ಅನುಕೂಲ.

ಆಚಾರ್ರಿಗೆ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯ ನೆಲದ ಮೇಲೆ ಬೆಂಚಿನ, ಮೇಜಿನ ಅಳತೆಗೆ ಸರಿಯಾಗಿ ಹಳೆ ಪೇಪರು ಹರಡಿ ಟೇಪು ಅಂಟಿಸಿ. ಸ್ಟೂಲು ಇರುವ ಜಾಗದಲ್ಲಿ ಒಂದು ಸ್ಟೂಲು ಇಡಿ. ಫ್ರಿಜ್ಜಿನ ಬಾಗಿಲು ತೆರೆಯಿರಿ, ಸಿಂಕಿನಡಿಯ ಬಾಗಿಲು ತೆರೆಯಿರಿ, ಕಸದ ಬುಟ್ಟಿ ಎಳೆಯಿರಿ. ಒಂದು ವಾರ ಹಾಗೇ ಬಿಟ್ಟು, ದೋಸೆಯ ದಿನವನ್ನೂ ಸೇರಿಸಿ ಮನೆಮಂದಿಯೆಲ್ಲ ಅದರ ಸುತ್ತಲೇ ಓಡಾಡಲಿ. ದೋಸೆ ಹುಯ್ಯುವವರು ಪೇಪರು ತುಳಿಯದೆ ಕೆಲಸ ಮಾಡಿ, ಸ್ಟೂಲಿನಲ್ಲಿ ಕೂತು ಏಳಲೂ ಆದರೆ ಮರ ಕೊಯ್ಯಿಸಿ. ಆಗದಿದ್ದರೆ ಗೋಡೆಗೆ ಮಡಚುವ ಹಲಗೆ ಹಾಕಿಸಿ, ಬೆಂಚು ಬೇಡ.